ಮಗುಚಕ್ಕ ಮಗುಚಿ ನೋಡದ ಬಿಲ್ಲೆ

ಹಳೇ ಸಾಮಾನಿನ ಬೀದಿಯಲ್ಲಿ ಯಾರನ್ನು ಕೇಳಿದರೂ ಮಗುಚಕ್ಕನ ಕೋಣೆ ತೋರಿಸುತ್ತಿದ್ದರು. ಕೆಳಗೆ ಓಡದೆ ನಿಂತ ಗಡಿಯಾರ, ಕಾಲು ಮುರಿದ ಕುರ್ಚಿ, ಮೂಗು ಹೋದ ಗೊಂಬೆಗಳ ಅಂಗಡಿ. ಅದರ ಪಕ್ಕದಲ್ಲಿ ಹದಿನಾಲ್ಕು ಮೆಟ್ಟಿಲು, ಮೇಲೆ ಒಂದೇ ಕಿಟಕಿಯ ಕೋಣೆ. ಏನನ್ನು ಕೈಗೆ ಕೊಟ್ಟರೂ ಮುಖ ನೋಡದೆ ಮೊದಲು ಮಗುಚಿ ಬೆನ್ನು ನೋಡುತ್ತಾಳೆಂದು ಬೀದಿಯವರು ಇಟ್ಟ ಹೆಸರು ಅದು. ಅಪ್ಪ ಅಮ್ಮ ಇಟ್ಟ ಹೆಸರು ಅಂಚೆಯವನಿಗೂ ಮರೆತುಹೋಗಿತ್ತು. ವಯಸ್ಸಿನಲ್ಲಿ ಅವಳನ್ನು ಮದುವೆಗೆಂದು ನೋಡಲು ಬಂದಿದ್ದವನ ಉಂಗುರವನ್ನು ಕೇಳಿ ತೆಗೆಸಿ, ಮಗುಚಿ, "ಇದು ಗಿಲೀಟು" ಎಂದುಬಿಟ್ಟಳಂತೆ. ಸಂಬಂಧ ಅಲ್ಲಿಗೇ ಮುರಿಯಿತು. ಕೆಳಗಿನ ಅಂಗಡಿಯ ಯಜಮಾನರು ಈ ಕಥೆ ಹೇಳಿ ಗಿರಾಕಿಗಳನ್ನು ನಗಿಸದ ವಾರವಿಲ್ಲ. ಅವಳನ್ನೇ ಕೇಳಿದರೆ, "ಗಿಲೀಟನ್ನ ಗಿಲೀಟು ಅನ್ನದೆ ಇನ್ನೇನು ಅಂತಾರೆ?" ಎನ್ನುತ್ತಿದ್ದಳು.

ಅವಳ ಕಸುಬು ನೆನಪಿನ ಬಿಲ್ಲೆಗಳ ಗುರುತು ಹಿಡಿದು ಬೆಲೆ ಹೇಳುವುದು. ಒಂದು ಕಾಲದಲ್ಲಿ ಊರಿಗೆ ರೈಲು ಬಂದರೆ, ಕಾರ್ಖಾನೆಗೆ ಇಪ್ಪತ್ತೈದು ವರ್ಷ ತುಂಬಿದರೆ, ಶಾಲೆಗೆ ಹೊಸ ಕಟ್ಟಡವಾದರೆ ಅದರ ನೆನಪಿಗೆ ಉಗುರಗಲದ ಬೆಳ್ಳಿ ಬಿಲ್ಲೆ ಹೊಡೆಸಿ ಹಂಚುತ್ತಿದ್ದರು. ಹೆಂಗಸರು ಅವಕ್ಕೆ ಕೊಂಡಿ ಹಾಕಿ ಕೈಯ ಸರಪಳಿಗೆ ಸೇರಿಸಿಕೊಳ್ಳುತ್ತಿದ್ದರು. ವರ್ಷ ಕಳೆದಂತೆ ಬಿಲ್ಲೆ ಹೆಚ್ಚಿ, ಕೈಯಾಡಿಸಿದರೆ ಕಿಣಿಕಿಣಿ ಎನ್ನುತ್ತಿತ್ತು. ಆ ಕಾಲ ಹೋಯಿತು. ಈಗ ಅವನ್ನು ಹುಡುಕಿ ಕೂಡಿಡುವವರು ಹುಟ್ಟಿಕೊಂಡಿದ್ದಾರೆ, ಅವರ ಬೆನ್ನಿಗೇ ನಕಲಿ ಮಾಡುವವರೂ ಹುಟ್ಟಿಕೊಂಡಿದ್ದಾರೆ.

ಮುಖವನ್ನು ಯಾರು ಬೇಕಾದರೂ ನಕಲು ಮಾಡಬಹುದು ಎಂಬುದು ಅವಳ ಮೊದಲ ಪಾಠ. ಅಚ್ಚಿನಲ್ಲಿ ಹೊಡೆದ ಬಿಲ್ಲೆಗೆ ಅಕ್ಷರದ ಅಂಚು ಚೂಪಾಗಿರುತ್ತದೆ. ಎರಕ ಹೊಯ್ದ ನಕಲಿಗೆ ಅದೇ ಅಂಚು ಬಳಸಿದ ಸಾಬೂನಿನಂತೆ ಮೊಂಡು. ಬೆನ್ನಿನಲ್ಲಿ ತಯಾರಿಸಿದವರ ಮುದ್ರೆ ಇರಬೇಕು, ಸಂಖ್ಯೆ ಇರಬೇಕು. ಮಣಿಕಟ್ಟಿಗೆ ತಾಗುವ ಬದಿ ಸವೆದಿರಬೇಕು. ಗೆರೆಗಳ ಸಂದಿಯಲ್ಲಿ ಕಪ್ಪು ಕೂತಿರಬೇಕು. ಯಾರಾದರೂ ಹೊಳೆಯಲಿ ಎಂದು ತಿಕ್ಕಿ ತೊಳೆದು ತಂದರೆ ಅವಳ ಪಿತ್ತ ನೆತ್ತಿಗೇರುತ್ತಿತ್ತು. "ಐವತ್ತು ವರ್ಷದ ಕಪ್ಪನ್ನ ಐದು ನಿಮಿಷದಲ್ಲಿ ತೊಳೆದು ಹಾಕಿದ್ರಲ್ಲ ತಾಯೀ! ಈಗ ನಾನೇನು ಓದ್ಲಿ, ನಿಮ್ಮ ಹಣೆಬರಹಾನಾ?" ಎಂದು ಕೂಗಾಡುತ್ತಿದ್ದಳು. ಬೈಸಿಕೊಂಡವರೂ ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು, ಏಕೆಂದರೆ ಅವಳ ಮಾತು ಸುಳ್ಳಾದದ್ದನ್ನು ಬೀದಿಯಲ್ಲಿ ಯಾರೂ ಕಂಡಿರಲಿಲ್ಲ.

ಒಂದೇ ಒಂದು ಸಲ ಸುಳ್ಳಾಗಿತ್ತೋ ಏನೋ. ಆಗ ಅವಳಿಗೆ ಆರು ವರ್ಷ.

ಅವರಿದ್ದ ಸಣ್ಣ ಊರಿನಲ್ಲಿ ಹೊಳೆಗೆ ಸೇತುವೆ ಕಟ್ಟಿದ್ದರು. ಅದರ ನೆನಪಿಗೆ, ತೆರೆಯುವ ಕೆಲವು ದಿನ ಮೊದಲೇ, ಊರಿನ ಮಕ್ಕಳಿಗೂ, ಸಮಾರಂಭಕ್ಕೆ ಬರಲಿದ್ದ ದೂರದ ಪಟ್ಟಣದ ಹಾಸ್ಟೆಲಿನ ಹುಡುಗಿಯರಿಗೂ ಐದು ಕಮಾನಿನ ಚಿತ್ರವಿರುವ ಮುನ್ನೂರು ಬಿಲ್ಲೆ ಹಂಚಿದರು. ಬಿಲ್ಲೆ ಹೊಡೆದ ಕಾರ್ಖಾನೆಯಲ್ಲೇ ಅಪ್ಪ ಅಚ್ಚಿನ ಕೆಲಸಗಾರ. ಒಂದೊಂದರ ಬೆನ್ನಿಗೂ ಒಂದರಿಂದ ಮುನ್ನೂರರವರೆಗೆ ಸಂಖ್ಯೆ ಒತ್ತಿದವನು ಅವನೇ. ಒಂಬತ್ತು ವರ್ಷದ ಅಕ್ಕ ತನ್ನದನ್ನು ಎರಡೇ ದಿನಕ್ಕೆ ಶಾಲೆಯ ಹಿಂದಿನ ಚರಂಡಿಯಲ್ಲಿ ಕಳೆದುಕೊಂಡು ಬಂದಳು. ಅವಳು ಎಡಚಿ, ಎಡಗೈಯ ಹೆಬ್ಬೆರಳಿನಿಂದ ಬಿಲ್ಲೆಯ ಅಂಚನ್ನು ಸದಾ ಉಜ್ಜುತ್ತಲೇ ಇರುತ್ತಿದ್ದಳು, ಉಜ್ಜಿ ಉಜ್ಜಿ ಕೊಂಡಿ ಬಾಯಿ ಬಿಟ್ಟಿತ್ತು. ಅಮ್ಮನ ಬಾಯಿಗೆ ಹೆದರಿ ಮಗಳು ಅತ್ತಾಗ, ಅಪ್ಪ ಅದೇ ಅಚ್ಚಿನಲ್ಲಿ ಇನ್ನೊಂದು ಬಿಲ್ಲೆ ಹೊಡೆದು ತಂದ. ಲೆಕ್ಕದ ಹೊರಗಿನದಾದ್ದರಿಂದ ಅದಕ್ಕೆ ಸಂಖ್ಯೆ ಇಲ್ಲ. ಮತ್ತೆ ಕಳೆಯಬಾರದೆಂದು ಕೊಂಡಿಯ ಬಾಯಿಗೆ ಬೆಸುಗೆ ಹಾಕಿದ. ಅವನ ಬೆಸುಗೆ ಎಂದರೆ ಕೊಂಡಿಯ ಒಳಬದಿಯಲ್ಲಿ ಸಾಸಿವೆಗಿಂತ ಸಣ್ಣ ಗುಂಡೊಂದು ಉಳಿದೇ ತೀರುತ್ತಿತ್ತು. ಮಾಲೀಕರು ಎಷ್ಟು ಬೈದರೂ ಆ ದೋಷ ಹೋಗಲಿಲ್ಲ. ಪಕ್ಕದಲ್ಲಿ ಕೂತು ಇದನ್ನೆಲ್ಲ ಕಣ್ಣರಳಿಸಿ ನೋಡಿದವಳು ಚಿಕ್ಕವಳು. "ಅಮ್ಮಂಗೆ ಹೇಳಿದ್ಯೋ, ನೋಡು!" ಎಂದು ಅಕ್ಕ ಅವಳ ಕಿವಿ ಹಿಂಡಿದ್ದಳು.

ಸೇತುವೆ ತೆರೆದ ದಿನ ಜನ ಮುಗಿಬಿದ್ದು ಕಟಕಟೆ ಕಿತ್ತುಹೋಯಿತು. ಸಾಲಾಗಿ ನಿಂತಿದ್ದ ಮಕ್ಕಳು, ಅಕ್ಕನೂ ಸೇರಿ, ಹೊಳೆಗೆ ಬಿದ್ದರು. ಹಗ್ಗ ಕಟ್ಟಿಕೊಂಡು ನೀರಿಗಿಳಿದ ಅಪ್ಪ ಮೇಲೆ ಬರಲಿಲ್ಲ. ಮೂರನೆಯ ದಿನ, ಸಿಕ್ಕ ಮಕ್ಕಳ ಹೆಣಗಳನ್ನು ಶಾಲೆಯ ಅಂಗಳದಲ್ಲಿ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ನೀರಿನಲ್ಲಿ ನೆನೆದ ಮುಖಗಳು ಯಾರವೂ ಆಗಿರಬಹುದಿತ್ತು. ಅಮ್ಮ ಮೂರ್ಛೆ ಹೋಗಿ ಗೋಡೆಗೊರಗಿದ್ದಳು. ಗುಮಾಸ್ತನೊಬ್ಬ ಬಗ್ಗಿ, ಒದ್ದೆ ದಾರದಲ್ಲಿದ್ದ ಬಿಲ್ಲೆಯನ್ನು ಚಿಕ್ಕವಳ ಮುಖದ ಮುಂದೆ ಹಿಡಿದ. "ಇದು ನಿಮ್ಮಕ್ಕಂದೇನಮ್ಮಾ?" ಐದು ಕಮಾನು ಕಂಡವು. "ಹೂಂ, ನಮ್ಮಕ್ಕಂದೇ" ಎಂದಳು. ಅವನು ಪುಸ್ತಕದಲ್ಲಿ ಗೀಟು ಎಳೆದ.

ಎಚ್ಚರವಾದ ಅಮ್ಮ ಮಗುವಿನ ಪಾದ ನೋಡಿ, "ಇದು ನನ್ನ ಮಗು ಅಲ್ಲ" ಎಂದು ಬಡಿದುಕೊಂಡಳು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ನಾಲ್ಕು ಜನ ಅವಳನ್ನು ಹಿಡಿದುಕೊಂಡರು, ಇನ್ನು ನಾಲ್ವರು ಮಣ್ಣು ಮಾಡಿದರು. ಬಿಲ್ಲೆಯನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ಕೊಟ್ಟರು.

ಕಾರ್ಖಾನೆ ದೊಡ್ಡ ಊರಿಗೆ ಬಂದಾಗ ಮಾಲೀಕರು ಕರುಣೆಯಿಂದ ಅಮ್ಮನನ್ನೂ ಪಾಲಿಶಿನ ಕೆಲಸಕ್ಕೆ ಕರೆತಂದರು. ಚಿಕ್ಕವಳು ಅಲ್ಲೇ ಬೆಳೆದು, ಅಲ್ಲೇ ಕಲಿತಳು. ಹನ್ನೆರಡನೆಯ ವಯಸ್ಸಿನಲ್ಲಿ ಒಂದು ದಿನ ಬಿಲ್ಲೆಗಳ ಬೆನ್ನಿನ ಸಂಖ್ಯೆ ಓದುತ್ತ ಕೂತಿದ್ದಾಗ ಹೊಳೆಯಿತು: ಡಬ್ಬಿಯಲ್ಲಿರುವ ಬಿಲ್ಲೆಯ ಬೆನ್ನಿಗೆ ಸಂಖ್ಯೆ ಇಲ್ಲದಿದ್ದರೆ ಅದು ಅಕ್ಕನದು. ಇದ್ದರೆ, ಮಣ್ಣಾದವಳು ಬೇರೆ ಯಾರೋ. ಇದು ಗೊತ್ತಿದ್ದ ಜೀವ ಭೂಮಿಯ ಮೇಲೆ ಅವಳೊಬ್ಬಳೇ. ಮಗುಚಿದರೆ ಒಂದು ಕ್ಷಣದ ಕೆಲಸ. ಅವಳು ಮಗುಚಲಿಲ್ಲ. ಹೆದರಿದಳು, ಅಷ್ಟೇ. ಸಂಖ್ಯೆ ಇದ್ದುಬಿಟ್ಟರೆ, ಹುಡುಕುತ್ತಿದ್ದವರನ್ನೆಲ್ಲ ಒಂದು "ಹೂಂ" ಅಂದು ಮನೆಗೆ ಕಳಿಸಿದವಳು ತಾನೇ ಎಂದಾಗುತ್ತಿತ್ತು. ಆಮೇಲೆ ಇಡೀ ಊರಿನ ಬಿಲ್ಲೆಗಳನ್ನು ಮಗುಚಿ ಮಗುಚಿ ನೋಡುವವಳಾದದ್ದು ಆ ಒಂದನ್ನು ನೋಡದಿರುವುದಕ್ಕಾಗಿಯೇ ಇರಬೇಕು.

ಅಮ್ಮ ಮುದುಕಿಯಾಗಿ ಹಾಸಿಗೆ ಹಿಡಿದ ಮೇಲೂ ಕೇಳುತ್ತಿದ್ದಳು. "ಎಲ್ಲರದೂ ನೋಡ್ತೀಯಲ್ಲೇ, ಅದನ್ನ ಒಂದ್ಸಲ ನೋಡೇ."

"ಅದರಲ್ಲಿ ನೋಡಕ್ಕೆ ಏನಿದೆ ಅಮ್ಮಾ, ಸುಮ್ನೆ ಮಲಕೋ."

ಹಾಗೆ ಕೇಳುತ್ತಲೇ ಅಮ್ಮ ಹೋದಳು. ಆಮೇಲಿಂದ ಡಬ್ಬಿಯ ಕಾಟ ಶುರುವಾಯಿತು. ಮಧ್ಯಾಹ್ನ ಮನೆಯಲ್ಲಿ ಒಬ್ಬಳೇ ಕೂತಿದ್ದರೆ ಕಪಾಟಿನೊಳಗಿಂದ ಕಿಣಿ ಎಂದಂತಾಗುತ್ತಿತ್ತು, ಯಾರೋ ಒಳಗಿಂದ ಉಗುರಿನಲ್ಲಿ ತಟ್ಟಿದ ಹಾಗೆ. ರಸ್ತೆಯಲ್ಲಿ ಲಾರಿ ಹೋದರೆ ಗೋಡೆ ನಡುಗುತ್ತದೆ, ತಗಡು ಸದ್ದು ಮಾಡುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಆದರೂ ಡಬ್ಬಿಯನ್ನು ಕೋಣೆಗೆ ತಂದು ಮೇಜಿನ ಕೆಳಖಾನೆಯಲ್ಲಿ, ತೂಕದ ಬಟ್ಟುಗಳ ಅಡಿಯಲ್ಲಿ ಹುಗಿದಿಟ್ಟಳು. ಬೀದಿಯಲ್ಲಿ ಲಾರಿಗೆ ಪ್ರವೇಶವಿರಲಿಲ್ಲ. ಸದ್ದು ಮಾತ್ರ ಹಿಂದೆಯೇ ಬಂತು.

ಒಂದು ಮಧ್ಯಾಹ್ನ ನಲವತ್ತರ ಆಸುಪಾಸಿನ ನರ್ಸ್ ಒಬ್ಬಳು ಮೆಟ್ಟಿಲು ಹತ್ತಿ ಬಂದಳು. ಡ್ಯೂಟಿ ಮುಗಿಸಿ ಬಿಳಿ ಬಟ್ಟೆಯಲ್ಲೇ ಬಂದಿದ್ದಳು. ಕರವಸ್ತ್ರದ ಗಂಟು ಬಿಚ್ಚಿ ಒಂದು ಕೈಸರಪಳಿಯನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ಏಳು ಬಿಲ್ಲೆಗಳು.

"ನಮ್ಮಮ್ಮಂದು. ಕೆಳಗೆ ಅಂಗಡೀಲಿ ಕೂತಿದಾಳೆ, ಮಂಡಿನೋವು, ಹತ್ತಕ್ಕಾಗಲ್ಲ."

"ತಿಕ್ಕಿ ತೊಳೆದಿಲ್ಲ ತಾನೆ?"

"ಇಲ್ಲ. ಅಮ್ಮ ಮುಟ್ಟಕ್ಕೂ ಬಿಡಲ್ಲ."

"ನಿಮ್ಮಮ್ಮ ಬುದ್ಧಿವಂತೆ," ಎಂದು ಮಗುಚಕ್ಕ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಳು. ಪದ್ಧತಿಯಂತೆ ಎಲ್ಲವನ್ನೂ ಬೆನ್ನು ಮೇಲೆ ಮಾಡಿ ಸಾಲಾಗಿ ಹರಡಿ, ತುದಿಯಿಂದ ಶುರುಮಾಡಿದಳು. ರೈಲು ಎಂಜಿನ್ನಿನದು ನಕಲಿ, ಕಸ. ಹಾಸ್ಟೆಲಿನ ಬೆಳ್ಳಿಹಬ್ಬದ್ದು ಅಸಲಿ. ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದುಡಿದವರಿಗೆ ಕೊಟ್ಟ ಸೌಟಿನ ಬಿಲ್ಲೆ ಅಪರೂಪದ್ದು, ಒಳ್ಳೆಯ ಬೆಲೆ ಬರುತ್ತದೆ. ಮಗುವಿನ ಬೂಟಿನ ಬಿಲ್ಲೆ ನರ್ಸಮ್ಮ ಹುಟ್ಟಿದಾಗಿನದಿರಬೇಕು. ಹಾಸ್ಟೆಲಿನಲ್ಲೇ ಬೆಳೆದು, ಅದರ ಒಲೆ ಮುಂದೆಯೇ ಮುದುಕಿಯಾದ ಒಂದು ಜೀವ ಮೇಜಿನ ಮೇಲೆ ಕಾಣತೊಡಗಿತು. ಎಲ್ಲ ಬಿಲ್ಲೆಗಳ ಒಂದೇ ಅಂಚು ಸವೆದಿತ್ತು. ಬಲಗೈಗೆ ಕಟ್ಟಿ, ಎಡ ಹೆಬ್ಬೆರಳಿನಿಂದ ಉಜ್ಜುವವಳು. "ನಿಮ್ಮಮ್ಮ ಎಡಚಿ," ಎಂದಳು ಮಗುಚಕ್ಕ, ಎಂದಿನ ಬಿಂಕದಿಂದ.

"ಹೌದು! ಹೇಗೆ ಗೊತ್ತಾಯ್ತು?"

ಮಗುಚಕ್ಕನ ಚಿಮಟ ಏಳನೆಯದರ ಮೇಲೆ ನಿಂತಿತ್ತು. ಬೆನ್ನಿನಲ್ಲಿ ಕಾರ್ಖಾನೆಯ ಮುದ್ರೆಯಿತ್ತು, ಸಂಖ್ಯೆ ಇರಲಿಲ್ಲ. ಸರಪಳಿ ಎತ್ತಿ ಕಣ್ಣಿನ ಹತ್ತಿರ ಹಿಡಿದಳು. ಬೆಸುಗೆ ಹಾಕಿದ ಕೊಂಡಿ. ಅದರ ಒಳಬದಿಯಲ್ಲಿ ಸಾಸಿವೆಗಿಂತ ಸಣ್ಣ ಗುಂಡು.

ಕರೆಂಟು ಹೋಯಿತು. ಫ್ಯಾನು ಎರಡು ಸುತ್ತು ಹೊಡೆದು ನಿಂತಿತು. ಗಾಳಿಯಿಲ್ಲ, ಆದರೂ ಬಿಲ್ಲೆಗಳು ಕಿಣಿಕಿಣಿ ಎನ್ನುತ್ತಲೇ ಇದ್ದವು. ನರ್ಸು ಗಾಬರಿಯಿಂದ ಅವಳ ಕೈ ನೋಡಿದಳು. ಸರಪಳಿ ಹಿಡಿದ ಕೈ ಗಡಗಡ ನಡುಗುತ್ತಿತ್ತು. ಮಗುಚಕ್ಕ ಸರಪಳಿಯನ್ನು ಮೇಜಿನ ಮೇಲಿಟ್ಟು ಕೈ ಹಿಂದೆ ತೆಗೆದಳು. ಆಗಲೂ ಕಿಣಿ ಎಂದಿತು. ಈ ಸಲ ಕೆಳಖಾನೆಯಿಂದ.

"ಏನದು?" ಎಂದಳು ನರ್ಸು.

ಇಷ್ಟು ದಿನ ಆ ಸದ್ದನ್ನು ತನ್ನ ಕಿವಿಯ ಭ್ರಮೆ ಎಂದುಕೊಂಡಿದ್ದಳು. ಈಗ ಅದು ಇನ್ನೊಬ್ಬರಿಗೂ ಕೇಳಿಸಿತ್ತು. "ಏನಿಲ್ಲ. ಬೆಲೆ..." ಎಂದು ಮತ್ತೆ ಚಿಮಟ ಎತ್ತಿಕೊಂಡಳು.

"ಬೆಲೆ ಕೇಳಕ್ಕೆ ಬಂದಿಲ್ಲ ನಾವು," ಎಂದಳು ನರ್ಸು. "ಆ ಸೇತುವೆ ಬಿಲ್ಲೆ ಯಾರದು ಅಂತ ಹೇಳ್ತೀರಾ ಅಂತ ಕೇಳಕ್ಕೆ ಬಂದಿದ್ದು. ಅಂಥದ್ದನ್ನ ಗುರುತು ಹಿಡಿಯೋರು ನೀವೊಬ್ರೇ ಅಂದ್ರು. ನಮ್ಮಮ್ಮ ಅರವತ್ತು ದಾಟೋವರೆಗೂ ಇದನ್ನ ಯಾರ ಹತ್ರಾನೂ ಬಾಯಿ ಬಿಟ್ಟಿರ್ಲಿಲ್ಲ. ಹೋದ ತಿಂಗಳು ನಂಗೆ ಹೇಳಿದ್ಲು."

ಮಬ್ಬಾದ ಕೋಣೆಯಲ್ಲಿ ಅವಳು ಹೇಳಿದ್ದು ಇಷ್ಟು. ಸೇತುವೆಯಿಂದ ಬಿದ್ದ ಒಬ್ಬ ಹುಡುಗಿ ತುಂಬ ದೂರ ತೇಲಿಹೋಗಿದ್ದಳು, ಯಾರೋ ಎತ್ತಿ ಆಸ್ಪತ್ರೆಗೆ ಸೇರಿಸಿದ್ದರು. ತಲೆ ಬೋಳಿಸಿ, ಮುಖಕ್ಕೆ ಹೊಲಿಗೆ ಹಾಕಿದ್ದರು. ಎಚ್ಚರವಾಗಲು ಹದಿನೈದು ದಿನ ಬೇಕಾಯಿತು. ಅಷ್ಟರಲ್ಲಿ ಪಟ್ಟಿ ಮುಚ್ಚಿತ್ತು. ಊರಿನ ಸತ್ತ ಮಕ್ಕಳೆಲ್ಲರ ಗುರುತೂ ಸಿಕ್ಕಿತ್ತು. ಹಾಸ್ಟೆಲಿಗೆ ಸೇರಿ ವಾರವಷ್ಟೇ ಆಗಿದ್ದ, ಹಿಂದೆ ಮುಂದೆ ಯಾರೂ ಇಲ್ಲದ ಒಬ್ಬ ಹುಡುಗಿ ಮಾತ್ರ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಹಾಗಾದರೆ ಇವಳೇ ಅವಳು ಎಂದು ಹಾಸ್ಟೆಲಿನವರು ಕರೆದೊಯ್ದರು.

"ನಾನು ಅವಳಲ್ಲ, ನಮ್ಮನೆಗೆ ಕಳಿಸಿ ಅಂತ ದಿನಾ ಅಳ್ತಿದ್ಲಂತೆ. ವಾರ್ಡನ್ನು ಪಾಪ ಕಚೇರಿಗೆ ಕಾಗದ ಬರೆದ್ರಂತೆ. ಉತ್ತರ ಬಂತಂತೆ, ಆ ಮನೆ ಹುಡುಗಿ ತೀರಿಹೋಗಿದಾಳೆ, ಸ್ವಂತ ತಂಗೀನೇ ಗುರುತು ಹಿಡಿದಿದಾಳೆ ಅಂತ. ಆಮೇಲೆ ಡಾಕ್ಟ್ರು, ತಲೆಗೆ ಪೆಟ್ಟಾಗಿದೆ, ಸತ್ತ ಆ ಹುಡುಗಿ ತಾನೇ ಅನ್ಕೊಂಡಿದಾಳೆ ಅಂದ್ರಂತೆ."

ಮಗುಚಕ್ಕ ಕಣ್ಣಿನ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟಳು.

"ದೊಡ್ಡೋಳಾದ್ಮೇಲೆ ಒಂದ್ಸಲ ಆ ಊರಿಗೆ ಹೋಗಿದ್ಲಂತೆ. ಮನೇಲಿ ಬೇರೆ ಯಾರೋ ಇದ್ರಂತೆ. ಸೇತುವೆ ಹತ್ರ ಕಲ್ಲು ನಿಲ್ಲಿಸಿ ಸತ್ತ ಮಕ್ಕಳ ಹೆಸರು ಕೆತ್ತಿದ್ರಂತೆ. ತನ್ನ ಹೆಸರನ್ನ ತಾನೇ ಓದ್ಕೊಂಡು ವಾಪಸ್ಸು ಬಂದ್ಲಂತೆ. ಕಲ್ಲಲ್ಲೇ ಬರೆದಿದೆಯಲ್ಲ, ನಾನೇ ಸುಳ್ಳಿರಬೇಕು ಅನ್ನಿಸ್ತು ಅಂದ್ಲು. ಈಗ್ಲೂ ಕೆಲವು ಸಲ ರಾತ್ರಿ ಎಬ್ಬಿಸಿ ಕೇಳ್ತಾಳೆ, ನಾನು ಯಾರೇ ಅಂತ. ನಾನೇನು ಹೇಳ್ಲಿ ಹೇಳಿ?"

ಮಗುಚಕ್ಕ ಬಗ್ಗಿ ಕೆಳಖಾನೆ ಎಳೆದಳು. ಬಟ್ಟುಗಳನ್ನು ಒಂದೊಂದಾಗಿ ಎತ್ತಿಟ್ಟು ಡಬ್ಬಿ ತೆಗೆದಳು. ತುಕ್ಕು ಹಿಡಿದ ಮುಚ್ಚಳ ಉಗುರಿಗೆ ಬಗ್ಗಲಿಲ್ಲ, ಚಿಮಟದ ತುದಿಯಿಂದ ಎಬ್ಬಿಸಬೇಕಾಯಿತು. ಒಳಗೆ ಇದ್ದಿಲಿನಷ್ಟು ಕಪ್ಪಾದ ಬಿಲ್ಲೆ, ಮುಖ ಮೇಲಾಗಿ ಮಲಗಿತ್ತು. ಐದು ಕಮಾನು. ಐವತ್ತನಾಲ್ಕು ವರ್ಷದ ಹಿಂದೆ ಕಂಡಷ್ಟೇ ಈಗಲೂ ಕಂಡಿತು. ಮಗುಚಿದಳು.

ಇನ್ನೂರ ಹದಿನಾಲ್ಕು.

ಅಂಕಿಗಳು ನಿನ್ನೆ ಒತ್ತಿದಷ್ಟು ಚೂಪಾಗಿದ್ದವು. ಅಪ್ಪನ ಕೈಯ ಅಂಕಿಗಳು. ಯಾರೂ ಉಜ್ಜದ ಅಂಚು, ಬೆಸುಗೆಯಿಲ್ಲದ ಕೊಂಡಿ. ಯಾರೂ ಇಲ್ಲದ ಆ ಹಾಸ್ಟೆಲಿನ ಹುಡುಗಿ ಇಷ್ಟು ವರ್ಷ ಈ ಡಬ್ಬಿಯೊಳಗಿಂದ ತಟ್ಟುತ್ತಿದ್ದಳೋ ಏನೋ, ನಾನು ಅವಳಲ್ಲ, ನಾನು ಅವಳಲ್ಲ ಎಂದು. ಪಾದ ನೋಡಿ ಹೇಳಿದ್ದ ಅಮ್ಮನ ಮಾತೇ ನಿಜವಾಗಿತ್ತು. ಮಗುಚಕ್ಕ ಅಳಲಿಲ್ಲ. ಅಳುವ ಯೋಗ್ಯತೆಯೂ ತನಗಿಲ್ಲ ಎನ್ನಿಸಿತು.

ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಸರಪಳಿ ಹಿಡಿದು ಹದಿನಾಲ್ಕು ಮೆಟ್ಟಿಲು ಇಳಿದಳು. ನರ್ಸು ಏನೂ ತಿಳಿಯದೆ ಹಿಂದೆಯೇ ಬಂದಳು. ಯಜಮಾನರು, "ಏನಕ್ಕಾ, ಬೆಲೆ ಕೇಳಿ ಗಿರಾಕಿ ಓಡಿಹೋಗ್ಬಾರ್ದು ಅಂತ ನೀವೇ ಕೆಳಗೆ ಇಳಿದ್ರಾ?" ಎಂದು ಹಲ್ಲುಕಿರಿದವರು, ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡರು. ನಿಂತ ಗಡಿಯಾರಗಳ ನಡುವೆ ಒಂದು ಕುರ್ಚಿಯಲ್ಲಿ ಬೆಳ್ಳಗಿನ ಕೂದಲಿನ ಹೆಂಗಸು ಕೂತಿದ್ದಳು. ಹಣೆಯಿಂದ ಗಲ್ಲದವರೆಗೆ ಹಳೆಯ ಹೊಲಿಗೆಯ ಗೆರೆ. ಬರಿದಾದ ಬಲ ಮಣಿಕಟ್ಟಿನ ಮೇಲೆ ಎಡ ಹೆಬ್ಬೆರಳು ಸುಮ್ಮನೆ ಉಜ್ಜುತ್ತಿತ್ತು. ಮುಖದಲ್ಲಿ ಅಕ್ಕ ಎಲ್ಲೂ ಕಾಣಲಿಲ್ಲ. ಆ ಹೆಬ್ಬೆರಳು ಮಾತ್ರ ಅವಳದೇ.

"ಗೊತ್ತಾಯ್ತೇನಮ್ಮಾ, ಯಾರದು?" ಎಂದು ಮುದುಕಿ ಕೇಳಿದಳು.

ಮಗುಚಕ್ಕ ನೆಲದ ಮೇಲೆ ಕುಸಿದು ಕೂತಳು. ಸರಪಳಿಯನ್ನು ಅವಳ ಮಡಿಲಿಗಿಟ್ಟಳು. ಡಬ್ಬಿಯ ಬಿಲ್ಲೆಯನ್ನು ಅಂಗೈಯಲ್ಲಿ ಬೆನ್ನು ಮೇಲಾಗಿ ಹಿಡಿದು ತೋರಿಸಿದಳು. "ಇದು ಆ ಹಾಸ್ಟೆಲ್ ಹುಡುಗೀದು. ಇದಕ್ಕೆ ನಂಬರಿದೆ. ನಿಮ್ಮ ಹತ್ರ ಇರೋದು..." ಎಂದು ಸರಪಳಿಯ ಏಳನೆಯ ಬಿಲ್ಲೆ ಮುಟ್ಟಿದಳು. ಆರು ವರ್ಷದವಳು ಆಡಿದ ಮಾತೇ ಬಾಯಿಗೆ ಬಂತು. "ಅದು ನಮ್ಮಕ್ಕಂದೇ."

ಹೆಬ್ಬೆರಳು ನಿಂತಿತು. ಮುದುಕಿ ಮುಂದಕ್ಕೆ ಬಾಗಿ ಅವಳ ಮುಖ ನೋಡಿದಳು. ನರ್ಸು ಮುಂದೆ ಬಂದವಳು ಅಲ್ಲೇ ನಿಂತಳು.

"ಈ ಸಲ ಸರಿಯಾಗಿ ನೋಡಿದ್ಯೇನೇ?" ಎಂದಳು ಮುದುಕಿ.

"ಮಗುಚಿ ನೋಡ್ದೆ ಅಕ್ಕಾ. ಬೆಸುಗೇನೂ ನೋಡ್ದೆ."

ಮುದುಕಿ ಸರಪಳಿಯಲ್ಲಿ ಸೇತುವೆಯ ಬಿಲ್ಲೆಯನ್ನು ಹುಡುಕಿ ಹಿಡಿದುಕೊಂಡಳು. ಧ್ವನಿ ಇದ್ದಕ್ಕಿದ್ದಂತೆ ಸಣ್ಣದಾಯಿತು, ಶಾಲೆಯಿಂದ ತಡವಾಗಿ ಮನೆಗೆ ಬಂದ ಮಗುವಿನ ಹಾಗೆ.

"ಮೊದಲನೇದು ಚರಂಡೀಲಿ ಕಳೆದದ್ದು ಅಮ್ಮಂಗೆ ಹೇಳಿದ್ಯಾ?"

"ಇಲ್ಲ. ನೀನು ಬೇಡ ಅಂದಿದ್ದೆಯಲ್ಲ. ಅಮ್ಮ ಸಾಯೋವರೆಗೂ ಹೇಳ್ಲಿಲ್ಲ."

ಅಕ್ಕ ಅವಳ ಕಿವಿಯತ್ತ ಕೈ ಚಾಚಿದಳು. ಹಿಂಡಲಿಲ್ಲ, ಸುಮ್ಮನೆ ಹಿಡಿದುಕೊಂಡಳು.

"ಹೇಳ್ಬೇಕಿತ್ತು ಕಣೇ," ಎಂದಳು.